ನಡುವಿನ ಕಂಬ

ಶಾಲೆಯ ಹೊಸ ಸಭಾಂಗಣಕ್ಕೆ ನಡುವೆ ಕಂಬವೇ ಬೇಡವೆಂದು ಎಂಜಿನಿಯರ್ ನಾಗವೇಣಿ ಇಟ್ಟಿಗೆಯ ಕಮಾನು ಚಾವಣಿ ಕಟ್ಟಿಸಿದ್ದಳು. ಕಟ್ಟುವಾಗ ಆಸರೆಗೆಂದು ನೆಲದಲ್ಲಿ ಹೂತಿದ್ದ ಮರದ ಕಂಬಗಳನ್ನು ಆ ಬೆಳಿಗ್ಗೆ ಒಂದೊಂದಾಗಿ ಕಿತ್ತರು. ನಡುವಿನದೊಂದು ಉಳಿಯಿತು.

"ಸಾಕು, ನಿಲ್ಲಸ್ರಿ!" ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು ಕೂಗಿದರು. "ಅದೊಂದು ಇರ್ಲಿ. ಇಲ್ಲಿ ಇನ್ನೂರು ಮಕ್ಕಳು ಕೂಡ್ತಾವ."

"ನಡುವ ಕಂಬ ಇದ್ರ ಹಿಂದ ಕೂತ ಮಕ್ಕಳಿಗೆ ವೇದಿಕೆ ಕಾಣೂದಿಲ್ರಿ, ಸರ್," ಎಂದಳು ನಾಗವೇಣಿ.

"ಕಾಣದಿದ್ರ ಕೇಳ್ತಾವ. ಹಳೇ ಕೋಣಿ ಚಾವಣಿ ಬಿದ್ದಾಗ ಮಣ್ಣಾಗಿಂದ ಮಕ್ಕಳನ್ನ ಎತ್ತಿದಾಂವ ನಾನು. ನೀವಲ್ಲ."

ಕೆಲಸಗಾರರು ಸುತ್ತಿಗೆ ಕೆಳಗಿಟ್ಟು ಒಬ್ಬೊಬ್ಬರಾಗಿ ಹೊರಗೆ ಸರಿದರು.

"ಇಡೀ ಚಾವಣಿ ಭಾರ ಈಗ ಅದರ ಮ್ಯಾಲೇ ಐತಿ," ಹೆಡ್‌ಮಾಸ್ತರರು ಎರಡೂ ಕೈ ಜೋಡಿಸಿದರು. "ಮುಟ್ಟಬ್ಯಾಡ್ರಿ, ಕೈ ಮುಗೀತೀನಿ."

ಅವಳು ಕಂಬದ ಪಕ್ಕದಲ್ಲಿ ಮಡಚು ಏಣಿ ನಿಲ್ಲಿಸಿ, ಕಮಾನಿನ ನೆತ್ತಿಯವರೆಗೂ ಒಬ್ಬಳೇ ಹತ್ತಿದಳು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು.

"ಸರ್, ಇಲ್ನೋಡ್ರಿ," ಎಂದು ಕರೆದು, ತನ್ನ ಕರವಸ್ತ್ರವನ್ನು ಕಂಬದ ತುದಿಗೂ ಚಾವಣಿಗೂ ನಡುವೆ ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಹೊರಗೆಳೆದಳು.