ನಡುಗಡ್ಡೆಯ ಬೈಗುಳ

ಕಾಡುಬಾತುಗಳು ಆಕಾಶವನ್ನೇ ಮುಚ್ಚಿಕೊಂಡು ಬರುತ್ತಿದ್ದವು. ಗುಂಡಿನ ಸದ್ದಿಗೂ ಹೆದರದೆ, ಟೋಪಿ ಬೀಸಿದರೆ ತಾಗುವಷ್ಟು ಕೆಳಗೆ. ಮಿಸಿಸಿಪ್ಪಿ ನದಿಯ ನಡುಗಡ್ಡೆಯೊಂದರ ಜೊಂಡಿನಲ್ಲಿ ಕೂತಿದ್ದ ಮುದುಕ ಹಾಲ್ವರ್‌ಗೆ ಹುಚ್ಚೇ ಹಿಡಿದಂತಾಗಿತ್ತು. ಅಂದು ೧೯೪೦ರ ನವೆಂಬರ್ ಹನ್ನೊಂದು, ಹಿಂದಿನ ಮಹಾಯುದ್ಧ ನಿಂತ ದಿನದ ರಜೆ. ಬೆಳಿಗ್ಗೆ ಎಷ್ಟು ಸೆಕೆಯಿತ್ತೆಂದರೆ, ವಿನೋನಾ ಊರಿನ ಬೇಟೆಗಾರರೆಲ್ಲ ದಪ್ಪ ಕೋಟುಗಳನ್ನು ಮನೆಯಲ್ಲೇ ಬಿಟ್ಟು ದೋಣಿ ಹತ್ತಿದ್ದರು. ಹಾಲ್ವರ್‌ನ ಮೈಮೇಲೆ ಉಣ್ಣೆಯ ಮೇಲಂಗಿಯೊಂದಾದರೂ ಇತ್ತು, ಅವನ ಅಳಿಯ ಕಾಜಿಮಿರ್ ಬರೀ ತೆಳು ಅಂಗಿಯಲ್ಲಿದ್ದ.

"ಮಾವ, ಗಾಳಿ ತಿರುಗ್ತು. ಹೊರಡೋಣ. ಸೊಲ್ವೈಗ್ ಕಾಯ್ತಿರ್ತಾಳೆ," ಎಂದ ಕಾಜಿಮಿರ್.

"ಬಾತು ತಾನಾಗಿ ಮಡಿಲಿಗೆ ಬೀಳ್ತಿರೋವಾಗ ಮನೆಗೆ ಹೋಗ್ತೀನಿ ಅನ್ನೋ ಗಂಡಸನ್ನ ಇವತ್ತೇ ಕಂಡೆ. ಪೋಲೆಂಡಿನವರೆಲ್ಲ ಹಿಂಗೇನಾ?"

ಕಾಜಿಮಿರ್ ಮತ್ತೆ ಜೊಂಡಿನಲ್ಲಿ ಕೂತ. ನಾರ್ವೆ ಕಡೆಯ ಹಾಲ್ವರ್‌ಗೆ ಈ ಪೋಲೆಂಡಿನ ಸಂಬಂಧ ಸುತರಾಂ ಬೇಡವಾಗಿತ್ತು. ಮಗಳು ಸೊಲ್ವೈಗ್ ಹಟ ಹಿಡಿದು ಮದುವೆಯಾಗಿದ್ದಳು. ಅಂದಿನಿಂದ ಮಾವ ಬೈಯುವುದು, ಅಳಿಯ ಕೇಳಿಸಿಕೊಳ್ಳುವುದು, ಹೀಗೇ ನಡೆದುಕೊಂಡು ಬಂದಿತ್ತು. ಆ ಹಕ್ಕಿಗಳು ಯಾವುದಕ್ಕೆ ಹೆದರಿ ಓಡಿ ಬರುತ್ತಿವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಮಳೆ ಬಂತು. ನೋಡನೋಡುತ್ತಲೇ ಮಳೆ ಹಿಮವಾಯಿತು, ನದಿಯಲ್ಲಿ ಆಳೆತ್ತರದ ಅಲೆ ಎದ್ದಿತು. ನೀರಿಗೆ ಇಳಿಸಿದ ದೋಣಿ ಆ ಕ್ಷಣವೇ ಮಗುಚಿತು. ಹೇಗೋ ಅದನ್ನು ದಡಕ್ಕೆಳೆದು ಬೋರಲು ಹಾಕಿ ಅದರ ಮರೆಗೆ ಕೂತರು. ಬೆಂಕಿಪೊಟ್ಟಣ ನೆನೆದು ಮುದ್ದೆಯಾಗಿತ್ತು. ಕತ್ತಲಾಗುವ ಹೊತ್ತಿಗೆ ಕಾಜಿಮಿರ್‌ನ ಒದ್ದೆ ಅಂಗಿ ಹಪ್ಪಳದಂತೆ ಸೆಟೆದಿತ್ತು. ಅವನಿಗೆ ನಿದ್ದೆ ಬರತೊಡಗಿತ್ತು. ಚಳಿಯಲ್ಲಿ ಬರುವ ಆ ನಿದ್ದೆಗೆ ಜಾರಿದವರು ಮತ್ತೆ ಏಳುವುದಿಲ್ಲವೆಂದು ನದಿಯ ಜನಕ್ಕೆ ಗೊತ್ತು.

"ಏಳೋ ದರಿದ್ರದವನೇ!" ಹಾಲ್ವರ್ ಕಪಾಳಕ್ಕೆ ಬಾರಿಸಿದ. "ನಿನ್ನ ಮದುವೆ ದಿನ ನಾನು ಚರ್ಚಲ್ಲಿ ಅತ್ತಿದ್ದು ಖುಷಿಗೆ ಅಂದ್ಕೊಂಡ್ಯಾ?"

"ಬಿಡಿ ಮಾವ, ಒಂದು ಗಳಿಗೆ ಮಲಗ್ತೀನಿ."

"ನಿಮ್ಮಮ್ಮನ ಎಲೆಕೋಸಿನ ಸಾರು ಕುಡಿದ ಹೊಟ್ಟೆ ಇನ್ನೂ ನೆಟ್ಟಗಾಗಿಲ್ಲ ನಂಗೆ. ಹಂದಿಗೆ ಹಾಕೋದನ್ನ ಬೀಗರಿಗೆ ಬಡಿಸ್ತಾಳೆ!"

"ನಮ್ಮಮ್ಮನ ಸುದ್ದಿಗೆ ಬಂದ್ರೆ ನೋಡಿ!" ಕಾಜಿಮಿರ್ ಎದ್ದೇಬಿಟ್ಟ.

"ಬಾ, ಹೊಡಿ. ಕೈ ಇದೆಯೋ ಇಲ್ವೋ ನೋಡೇಬಿಡೋಣ."

ಹೊಡೆದ. ಮುದುಕನೂ ಹೊಡೆದ. ಇಬ್ಬರೂ ಹಿಮದಲ್ಲಿ ಕಾಲು ಕಿತ್ತಿಡುತ್ತ ಗುದ್ದಾಡಿದರು. ಮೈಗೆ ಒಂದಿಷ್ಟು ಕಾವು ಬಂತು. ಅಳಿಯ ಕುಸಿದಾಗಲೆಲ್ಲ ಮಾವನ ಬಾಯಿಂದ ಹೊಸದೊಂದು ಬೈಗುಳ ಬರುತ್ತಿತ್ತು. ಅವನ ದುಡಿಮೆ, ಅವನ ಮೂಗು, ಅವನು ಪ್ರಾರ್ಥನೆ ಮಾಡುವ ರೀತಿ, ಯಾವುದನ್ನೂ ಬಿಡಲಿಲ್ಲ. ನಡುವೆ ತನ್ನ ಮೈಮೇಲಿದ್ದ ಉಣ್ಣೆಯ ಮೇಲಂಗಿಯನ್ನೂ ಬಿಚ್ಚಿ ಅವನ ಮುಖಕ್ಕೆ ಎಸೆದ. "ಹಾಕ್ಕೋ. ನಿನ್ನ ಹಲ್ಲು ಕಟಕಟ ಅನ್ನೋದು ಕೇಳಿ ಕೇಳಿ ತಲೆನೋವು ಬಂತು."

ಕಾಜಿಮಿರ್‌ಗೆ ಆಗ ಎಲ್ಲ ಅರ್ಥವಾಯಿತು. ಮೇಲಂಗಿಯನ್ನು ತಿರುಗಿ ಚಾಚಿದ. "ಬೇಡ ಮಾವ, ನೀವು..."

"ನನ್ನ ಮಗಳು ಈ ವಯಸ್ಸಿಗೇ ವಿಧವೆಯ ಕಪ್ಪು ಬಟ್ಟೆ ಹಾಕ್ಬೇಕಾ? ನೀನು ಹೊರಡೋಣ ಅಂದಾಗ ಹೊರಟಿದ್ರೆ..." ಹಾಲ್ವರ್ ಮಾತು ನುಂಗಿದ. "ಹಾಕ್ಕೋ ಅಂದ್ರೆ ಹಾಕ್ಕೋ, ಕತ್ತೆ!"

ಬೆಳಗಿನ ಜಾವ ಬೈಗುಳ ನಿಂತಿತು. ಕಾಜಿಮಿರ್‌ನ ಜೀವ ಬಾಯಿಗೆ ಬಂತು. ದೋಣಿಗೆ ಒರಗಿದ್ದ ಮುದುಕನನ್ನು ಅಲ್ಲಾಡಿಸಿದ, ಉಜ್ಜಿದ, ಗುದ್ದಿದ. ಎಂದೂ ಎದುರಾಡದವನು ಬಾಯಿಗೆ ಬಂದಂತೆ ಬೈಯತೊಡಗಿದ.

"ಏಳೋ ಮುದುಕ! ಕ್ರಿಸ್‌ಮಸ್‌ಗೆ ಬಡಿಸ್ತೀಯಲ್ಲ, ಬೂದಿನೀರಲ್ಲಿ ನೆನೆಸಿದ ಮೀನು, ಅದನ್ನ ನಮ್ಮ ನಾಯೀನೂ ಮೂಸಲ್ಲ!"

ಮುದುಕನ ತುಟಿ ಅಲುಗಿತು. "ನಿಮ್ಮ ನಾಯಿಗೇನು ಗೊತ್ತು..."

ಆಮೇಲೆ ಅವನು ಮಾತಾಡಲಿಲ್ಲ.

ಗಾಳಿ ಇಳಿದ ಮೇಲೆ ಊರಿನ ಮೀನುಗಾರ ಗುನ್ನಾರ್ ನೀರಿನ ಮೇಲಿನ ಮಂಜುಗಡ್ಡೆ ಒಡೆದುಕೊಂಡು ದೋಣಿ ತಂದ. ನಡುಗಡ್ಡೆ ಇನ್ನೂ ದೂರವಿರುವಾಗಲೇ ಅವನಿಗೆ ಬೈಗುಳ ಕೇಳಿಸಿತು. ಹತ್ತಿರ ಬಂದು ನೋಡಿದರೆ, ಅಳಿಯ ಮಾವನ ಎರಡೂ ಭುಜ ಹಿಡಿದು ಜಗ್ಗುತ್ತಿದ್ದಾನೆ. ಮಾವ ಮರಗಟ್ಟಿ ಎಷ್ಟೋ ಹೊತ್ತಾಗಿದೆ.

"ಬಿಡಪ್ಪ, ಸತ್ತವರನ್ನ ಹಂಗೆಲ್ಲ ಬೈಬಾರ್ದು," ಎಂದು ಗುನ್ನಾರ್ ಅವನ ಹೆಗಲ ಮೇಲೆ ಕೈಯಿಟ್ಟ.

ಕಾಜಿಮಿರ್ ಆ ಕೈ ಕೊಡವಿದ. "ಸುಮ್ನಿರಿ, ಇನ್ನೊಂಚೂರು ಬೈತೀನಿ. ನನ್ನನ್ನ ಅವರು ಎಬ್ಬಿಸಿದ್ದು ಹೀಗೇ."