ಉಸಿರು ಕೇಳಿಸುವ ಡಬ್ಬಿ

ಫೋನಿನ ಮುಂದೆ ಎಐ ತಯಾರಿಸಿದ ತಮ್ಮ ದನಿಯ ನಕಲನ್ನು ಕೂರಿಸಿ ತಾವು ಎದ್ದುಹೋಗುವುದು ಧಾರವಾಡದಲ್ಲೂ ಹಲ್ಲುಜ್ಜುವಷ್ಟೇ ಮಾಮೂಲಾಗಿತ್ತು. ಬೀಗರ ಜೊತೆ ನಕಲೇ ಮಾತಾಡಲಿ, ಸುನಂದಕ್ಕನ ತಕರಾರಿರಲಿಲ್ಲ. ಆದರೆ ತಾನು ಕಲಿಸುವ ಆನ್‌ಲೈನ್ ಸಂಗೀತ ಪಾಠಕ್ಕೂ ಶಿಷ್ಯೆಯರ ಬದಲು ಅದೇ ಬರುತ್ತಿದೆಯೆಂಬ ಗುಮಾನಿ ಆಕೆಯನ್ನು ತಿಂಗಳಿಂದ ಕೊರೆಯುತ್ತಿತ್ತು.

"ನಕಲು ಎಷ್ಟ ಚಂದ ಹಾಡಿದ್ರೂ ನಡುವ ಉಸಿರು ತಗೊಳ್ಳೂದಿಲ್ರೀ ಅಕ್ಕಾರ. ಕಂಪ್ಯೂಟರ್ ಸ್ಪೀಕರಿನ್ಯಾಗ ಅದು ತಿಳಿಯಂಗಿಲ್ಲ, ಇದ್ರಾಗ ತಿಳೀತದ," ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಮಹಾಂತೇಶ, ಸಣ್ಣ ಸದ್ದನ್ನೂ ಹೆಡ್‌ಫೋನಿನಲ್ಲಿ ದೊಡ್ಡದಾಗಿ ಕೇಳಿಸುವ, ಬೆಂಕಿಪೊಟ್ಟಣದಷ್ಟು ಚಿಕ್ಕ, ಅಗ್ಗದ ಆಂಪ್ಲಿಫೈಯರ್ ಕೊಟ್ಟಿದ್ದ.

ಇಂದು ಅದನ್ನು ಸಿಕ್ಕಿಸಿ ಕೂತಳು. ಆರು ಹುಡುಗಿಯರು ಒಬ್ಬರಾದ ಮೇಲೊಬ್ಬರು ಭೂಪ ರಾಗ ಹಾಡಿದರು. ಸ್ವರಗಳೆಲ್ಲ ಅಚ್ಚುಕಟ್ಟು. ಒಬ್ಬಳಲ್ಲೂ ಉಸಿರಿನ ಸದ್ದಿಲ್ಲ. ಸುನಂದಕ್ಕನ ಮೈಯೆಲ್ಲ ಉರಿಯಿತು.

ಉಳಿದವಳು ನೀಲಗಂಗಾ. ಪ್ರತಿ ಸಾಲಿಗೂ ಏದುಸಿರು ಬಿಡುವವಳು. "ಅವ್ರನ್ನ ನೋಡಿ ಕಲಿ, ಇಲ್ಲಾಂದ್ರ ನಾಳೆಯಿಂದ ಬರಬ್ಯಾಡ," ಎಂದು ನಿನ್ನೆಯಷ್ಟೇ ಬೈಸಿಕೊಂಡವಳು. ಇವಳೊಬ್ಬಳಾದರೂ ನಿಜ! ಸುನಂದಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಆ ಏದುಸಿರಿಗಾಗಿ ಕಾದಳು.

ನೀಲಗಂಗಾ ಒಂದೂ ಸ್ವರ ತಪ್ಪದೆ, ಎಲ್ಲೂ ಉಸಿರೆಳೆಯದೆ, ಕೊನೆಯವರೆಗೆ ಹಾಡಿ ಮುಗಿಸಿದಳು.

"ಈಗ ಬರೋಬ್ಬರಿ ಆತೇನ್ರೀ ಅಕ್ಕಾರ?" ಎಂದಳು.