ಹಾರ ಹಾಕಿದ ಸಿಲಿಂಡರ್

ಅಮ್ಮನಿಗೂ ಉಬ್ಬಸ ಶುರುವಾಗಿದೆಯೆಂದು ಮೊನ್ನೆ ದಾವಣಗೆರೆಯ ಕೆ.ಬಿ. ಬಡಾವಣೆಯ ಅಂಗಡಿಯೊಂದರಲ್ಲಿ ಪುಟ್ಟ ಆಕ್ಸಿಜನ್ ಸಿಲಿಂಡರ್‌ಗೆ ಎಂಟು ಸಾವಿರ ಕೊಟ್ಟೆ. ಚೌಕಾಸಿ ಮಾಡಲಿಲ್ಲ; ಇಲ್ಲೇ ಕೀಲಿ ತಿರುಗಿಸಿ ತೋರಿಸಿ ಎಂದಷ್ಟೇ ಹಟ ಹಿಡಿದೆ. ಮಾಸ್ಕಿನ ರಬ್ಬರ್ ವಾಸನೆ ಮೂಗಿಗೆ ಬಡಿದದ್ದೇ ಚಿಕ್ಕಂದಿನ ಹರಿಹರದ ಒಂದು ಮಧ್ಯಾಹ್ನ ನೆನಪಾಯಿತು.

ಅಂದು ಅಜ್ಜಿಗೆ ಉಬ್ಬಸ ಏರಿ ಉಸಿರೇ ಸಿಗುತ್ತಿರಲಿಲ್ಲ. ಅಪ್ಪ ಎತ್ತಿಕೊಂಡು ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಓಡಿದ. ಅಜ್ಜಿಯ ಚಪ್ಪಲಿ ಹಿಡಿದು ನಾನು ಹಿಂದೆ. ಯಾವ ಹೊತ್ತಿಗೆ ಕರೆದರೂ ಬರುವ ಡಾಕ್ಟರು ಅವರು. ಊಟ ಬಿಟ್ಟು ಎದ್ದು ಬಂದರು. ಮೂಲೆಯಲ್ಲಿ ಆಳೆತ್ತರದ ಸಿಲಿಂಡರ್ ಇತ್ತು. ವರ್ಷವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ ಅದರ ಮೈಮೇಲೆ ಪದರುಗಟ್ಟಿತ್ತು. ಕೊರಳಲ್ಲಿ ಒಣಗಿದ ಚೆಂಡುಹೂವಿನ ಹಾರ. ಡಾಕ್ಟರು ಅಜ್ಜಿಗೆ ಮಾಸ್ಕ್ ಇಟ್ಟು ಕೀಲಿ ತಿರುಗಿಸಿದರು. ಸದ್ದೇ ಬರಲಿಲ್ಲ.

“ಖಾಲಿ ಐತೆ,” ಅಂದರು. “ಜಲ್ದಿ ದಾವಣಗೆರೆಗೆ ಕರ್ಕೊಂಡು ಹೋಗ್ರಿ.”

“ಹಾರ ಹಾಕೋವಾಗ ನೋಡ್ಲಿಲ್ಲೇನ್ರಿ ಸಾಹೇಬ್ರೆ?” ಅಪ್ಪನ ದನಿ ಏರಿತು.

ಡಾಕ್ಟರು ಬಾಯಿ ತೆರೆಯುವ ಮೊದಲೇ ಕಾಂಪೌಂಡರ್ ಅಂದ, “ಚಂದಾಗಿ ತೊಳ್ದು ಪೂಜೆ ಮಾಡೀವಲ್ರಿ!”

ಅಜ್ಜಿ ಮಾಸ್ಕ್ ಸರಿಸಿ ಏದುಸಿರಲ್ಲೇ ಅಂದಳು: “ಹಂಗಾರೆ... ಕೈ ಮುಗೀಲೇನೋ?”

ಆಟೊದಲ್ಲಿ ಅಜ್ಜಿ ನನ್ನ ಕೈ ಹಿಡಿದಿದ್ದಳು. ದಾವಣಗೆರೆ ಮುಟ್ಟುವ ಮುಂಚೆಯೇ ಬೆರಳು ಸಡಿಲವಾದವು. ಚಪ್ಪಲಿ ಇನ್ನೂ ನನ್ನ ತೊಡೆಯ ಮೇಲೇ ಇತ್ತು.

ನೋಡಿ, ನಿಮ್ಮ ಡಾಕ್ಟರು ಹಳ್ಳಿಯವರಿರಲಿ, ಪೇಟೆಯವರಿರಲಿ, ಒಳ್ಳೆಯವರೆಂದು ಸಂಕೋಚಪಡಬೇಡಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿರುವ ದಿನವೇ ಹೋಗಿ, ಸಿಲಿಂಡರಿನ ಕೀಲಿ ಒಮ್ಮೆ ತಿರುಗಿಸಿ ತೋರಿಸಲು ಕೇಳಿ. ಬೈದರೆ ಬೈಸಿಕೊಳ್ಳಿ. ಬುಸ್ ಎಂಬ ಸದ್ದು ಕಿವಿಗೆ ಬಿದ್ದ ಮೇಲೆಯೇ ಎದ್ದು ಬನ್ನಿ.